ಮಾತಿಲ್ಲದಾಗ ನಟ ಏನು ಮಾಡ್ತಾನೆ?

ಬೆಂಗಳೂರಿನ ಹವ್ಯಾಸಿ ನಾಟಕಗಳ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ನಟರಿಗೆ ಮಾತಾಡೋಕೆ ಚೆನ್ನಾಗಿ ಬರುತ್ತೆ, ಕೇಳಿಸಿಕೊಳ್ಳೋಕೆ ಬರಲ್ಲ.

ಗಿರೀಶ ಕಾರ್ನಾಡರ 'ಹಯವದನ'ವನ್ನೇ ತಗೊಳ್ಳಿ. 1971ರ ನಾಟಕ, ಇವತ್ತಿಗೂ ಹೊಸ ತಂಡಗಳು ಆಸೆಪಟ್ಟು ಎತ್ತಿಕೊಳ್ಳುತ್ತವೆ. ಉಜ್ಜಯಿನಿಯ ದಾರಿಯಲ್ಲಿ ಗಾಡಿ ನಿಂತಿದೆ. ಪದ್ಮಿನಿಗೆ ಹೂ ತರಲು ಕಪಿಲ ಮರ ಹತ್ತುತ್ತಾನೆ. ಪದ್ಮಿನಿ ಅವನ ಮೈಕಟ್ಟನ್ನು ನೋಡುತ್ತಾಳೆ. ಗಂಡ ದೇವದತ್ತ ಅವಳ ಕಣ್ಣನ್ನು ನೋಡುತ್ತಾನೆ. ಅವನಿಗೂ ಮಾತಿದೆ, ನಿಜ. ಆದರೆ ಆ ಮಾತು ಹುಟ್ಟಬೇಕಾದ್ದು ಈ ನೋಟದಲ್ಲಿ.

ಇತ್ತೀಚೆಗೆ ನಾನು ನೋಡಿದ ಒಂದು ಪ್ರದರ್ಶನದಲ್ಲಿ ದೇವದತ್ತನ ಪಾತ್ರಧಾರಿ ಅಲ್ಲಿ ಸುಮ್ಮನೆ ತನ್ನ ಸರದಿಗೆ ಕಾಯುತ್ತಿದ್ದ. ಕ್ಯೂ ಬಂತು, ಮಾತು ಬಂತು. ಉಚ್ಚಾರ ಸ್ಪಷ್ಟ, ದನಿಯೂ ಒಳ್ಳೇದೇ. ಆದರೆ ಮುಂದೆ ಕಾಳಿಯ ಗುಡಿಯಲ್ಲಿ ಅವನು ತಲೆ ಕಡಿದುಕೊಂಡಾಗ ನನ್ನ ಪಕ್ಕದವರು "ಇಷ್ಟಕ್ಕೆಲ್ಲಾ?" ಅಂದರು. ಕಾರ್ನಾಡರು ಕಾರಣ ಕೊಟ್ಟಿದ್ದರು. ಇವನು ಅದನ್ನು ನೋಡಿರಲಿಲ್ಲ, ಹಾಗಾಗಿ ನಮಗೂ ಕಾಣಲಿಲ್ಲ.

ತಪ್ಪು ಅವನೊಬ್ಬನದೇ ಅಂತ ನನಗನ್ನಿಸಲ್ಲ. ಆ ತಂಡದ ತಾಲೀಮಿಗೂ ಒಂದೆರಡು ಸಲ ಹೋಗಿ ಕೂತಿದ್ದೆ. ಪದ್ಮಿನಿಗೆ ರಿಲೀಸ್ ಇದ್ದ ದಿನ ಬೇರೆಯವರು ಪ್ರಾಕ್ಸಿ, ಕಪಿಲ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡ ದಿನ ಇನ್ಯಾರೋ. ಬದಲಿಯವರು ಹಾಳೆ ನೋಡಿ ಓದ್ತಾರೆ, ಇವನು ಆ ಹಾಳೆಗೆ ಉತ್ತರ ಕೊಡ್ತಾನೆ. ಮನೇಲಿ ಕೂತು ಮಾತು ಬಾಯಿಪಾಠ ಮಾಡಬಹುದು. ಎದುರಿಗಿರುವವಳ ಕಣ್ಣು ಎತ್ತ ಹೊರಳುತ್ತೆ ಅನ್ನೋದನ್ನ ಮನೇಲಿ ಕಲಿಯೋಕಾಗಲ್ಲ. ಅದಕ್ಕೆ ಅವಳೇ ಬೇಕು, ದಿನಾ ಬೇಕು.

ಹೆಗ್ಗೋಡಿನ ನೀನಾಸಮ್ 1985ರಲ್ಲಿ ಶುರುಮಾಡಿದ ತಿರುಗಾಟದ ನಾಟಕಗಳಲ್ಲಿ ನನಗೆ ಈ ಹೊಂದಿಕೆ ಎದ್ದು ಕಾಣುತ್ತೆ. ಒಂದೇ ತಂಡ ತಿಂಗಳುಗಟ್ಟಲೆ ಊರೂರು ಸುತ್ತುತ್ತೆ. ಬಣ್ಣ ಹಚ್ಚಿಕೊಳ್ಳೋರೇ ಸೆಟ್ಟನ್ನೂ ಹೊರ್ತಾರೆ. ಒಟ್ಟಿಗೆ ಉಂಡು, ಜಗಳ ಆಡಿ, ಮತ್ತೆ ಒಟ್ಟಿಗೆ ರಂಗಕ್ಕೆ ಬಂದವರಿಗೆ ಸಹನಟನ ಉಸಿರು ಬದಲಾದರೂ ಗೊತ್ತಾಗುತ್ತೆ.

ನೌಕರಿ ಬಿಟ್ಟು ಊರೂರು ಸುತ್ತಿ ಅಂತ ಯಾರಿಗೂ ಹೇಳೋಕಾಗಲ್ಲ. ಆದರೆ ವಾರಕ್ಕೆ ಎರಡೇ ದಿನ ತಾಲೀಮು ಅಂದರೆ, ಆ ಎರಡು ದಿನ ಎಲ್ಲರೂ ಬರೋದು ಶಿಸ್ತಿನ ಪ್ರಶ್ನೆಯಷ್ಟೇ ಅಲ್ಲ, ಅಭಿನಯದ ಪ್ರಶ್ನೆ. ನೀವು ಬರದಿದ್ದರೆ ಕೆಡೋದು ನಿಮ್ಮ ಪಾತ್ರಕ್ಕಿಂತ ಹೆಚ್ಚಾಗಿ ಎದುರಿನವರ ಪಾತ್ರ.

ಪ್ರೇಕ್ಷಕರದೂ ಪಾಲಿದೆ. ಅರ್ಧ ಸಭಾಂಗಣ ನಟರ ಗೆಳೆಯರೇ. ಪ್ರತಿ ಎಂಟ್ರಿಗೂ ಶಿಳ್ಳೆ. ಮುಂದಿನ ಸಲ ಮಾತಿಲ್ಲದೆ ನಿಂತಿರೋವ್ರನ್ನ ಸ್ವಲ್ಪ ಹೊತ್ತು ನೋಡಿ. ಆಮೇಲೆ ಗ್ರೀನ್‌ರೂಮಿಗೆ ಹೋಗಿ "ಸೂಪರ್ ಮಗಾ" ಅನ್ನೋ ಬದಲು, ಕಂಡದ್ದನ್ನ ಹೇಳಿ. ಐದು ದಿನ ಆಫೀಸಲ್ಲಿ ದುಡಿದು ಶನಿವಾರ ತಾಲೀಮಿಗೆ ಓಡಿಬರೋ ಹುಡುಗನಿಗೆ ಅಷ್ಟಾದರೂ ಸಿಗಬೇಕು.