ಬಚ್ಚಲಲ್ಲಿ ಉರಿಯುವ ಗ್ಯಾಸು, ಹೊರಗೆ ಹೋಗದ ಹೊಗೆ

ಚಳಿಗಾಲ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಕುಸಿದು ಬಿದ್ದಿದ್ದರು, ಗ್ಯಾಸ್ ಗೀಸರ್‌ನಿಂದ ಅನಿಲ ಸೋರಿಕೆಯಾಗಿ ಸಾವು. ಈ ವರದಿಯ ಕೊನೆಯ ಮಾತು ಹೆಚ್ಚಿನ ಸಲ ತಪ್ಪಾಗಿರುತ್ತದೆ. ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಘಾಟಿನ ರಾಸಾಯನಿಕವನ್ನು ಬೆರೆಸಿರುತ್ತಾರೆ. ಸೋರಿದ್ದರೆ ಮನೆಯವರಿಗೆಲ್ಲ ಮೂಗಿಗೆ ಬಡಿಯುತ್ತಿತ್ತು. ಬಚ್ಚಲಲ್ಲಿ ಬಿದ್ದವರನ್ನು ಕೊಂದದ್ದು ಸೋರಿದ ಅನಿಲವಲ್ಲ, ಸರಿಯಾಗಿ ಉರಿಯದೆ ಹೋದ ಅನಿಲ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ.

ಈ ತಪ್ಪು ವರದಿಯಿಂದ ಆಗುವ ಕೇಡು ದೊಡ್ಡದು. ಸೋರಿಕೆ ಎಂದು ಓದಿದವರು ತಮ್ಮ ಮನೆಯ ರೆಗ್ಯುಲೇಟರು, ರಬ್ಬರ್ ಟ್ಯೂಬು ನೋಡುತ್ತಾರೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮಲ್ಲಿ ತೊಂದರೆಯಿಲ್ಲ ಎಂದು ಅದೇ ಬಚ್ಚಲಿನಲ್ಲಿ, ಅದೇ ಮುಚ್ಚಿದ ಬಾಗಿಲ ಹಿಂದೆ ಸ್ನಾನ ಮುಂದುವರಿಸುತ್ತಾರೆ. ಟ್ಯೂಬು ಹೊಸದಾಗಿದ್ದರೂ, ಗೀಸರು ಒಳ್ಳೆಯ ಕಂಪನಿಯದಾಗಿದ್ದರೂ, ಎಲ್ಲಿಯೂ ಒಂದು ತೊಟ್ಟು ಅನಿಲ ಸೋರದಿದ್ದರೂ ಸಾವು ಬರಬಹುದು ಎಂಬ ಮುಖ್ಯ ವಿಷಯ ಅವರಿಗೆ ತಲುಪುವುದೇ ಇಲ್ಲ. ಆದ್ದರಿಂದ ಇಲ್ಲಿ ನಾನು ಪರೀಕ್ಷೆಗೆ ಇಡುತ್ತಿರುವುದು ಗೀಸರ್ ಎಂಬ ಯಂತ್ರವನ್ನಲ್ಲ. ಅದನ್ನು ಬಚ್ಚಲೊಳಗಿನ ಗೋಡೆಗೆ ತೂಗುಹಾಕಿ, ಹೊಗೆಗೆ ದಾರಿ ಕೊಡದೆ ಬಿಡುವ ನಮ್ಮ ರೂಢಿಯನ್ನು.

ಸ್ವಲ್ಪ ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರಿಗೆ ಸುಮಾರು 12 ಕಿಲೋವಾಟ್ ಉರಿ ಬೇಕು. ಅಡುಗೆಮನೆಯ ಒಲೆಯ ಐದಾರು ಬರ್ನರ್‌ಗಳನ್ನು ಒಟ್ಟಿಗೆ ಜೋರಾಗಿ ಹೊತ್ತಿಸಿದಷ್ಟು ಬೆಂಕಿ ಅದು. ಹತ್ತು ನಿಮಿಷದ ಸ್ನಾನಕ್ಕೆ ಹೆಚ್ಚುಕಡಿಮೆ 150 ಗ್ರಾಂ ಅನಿಲ ಉರಿಯುತ್ತದೆ, ಅದು ಪೂರ್ತಿಯಾಗಿ ಉರಿಯಲು ಸುಮಾರು 2 ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕವೆಲ್ಲ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ ಸುಮಾರು 6 ಘನ ಮೀಟರ್ ಗಾಳಿ. ಹೊರಗಿನಿಂದ ಗಾಳಿ ಬಾರದಿದ್ದರೆ ಹತ್ತು ನಿಮಿಷದಲ್ಲಿ ಆ ಕೋಣೆಯ ಆಮ್ಲಜನಕದ ಮೂರನೆಯ ಒಂದು ಪಾಲು ಬೆಂಕಿಗೆ ಹೋಗುತ್ತದೆ. ಅಷ್ಟು ಹೊತ್ತು ಕಾಯಬೇಕಾಗಿಯೂ ಇಲ್ಲ. ಗಾಳಿಯಲ್ಲಿ ಸಹಜವಾಗಿ ಶೇಕಡ 21ರಷ್ಟಿರುವ ಆಮ್ಲಜನಕ 18ರ ಹತ್ತಿರ ಇಳಿದರೆ ಉರಿ ಕೆಡತೊಡಗುತ್ತದೆ, ಕಾರ್ಬನ್ ಮಾನಾಕ್ಸೈಡ್ ವೇಗವಾಗಿ ಏರುತ್ತದೆ. ಅಮೆರಿಕದಲ್ಲಿ ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರುಗಳಿಗೆ, ಆಮ್ಲಜನಕ ಈ ಮಟ್ಟಕ್ಕೆ ಇಳಿಯುವಷ್ಟರಲ್ಲಿ ತಾನಾಗಿ ಆರಿಹೋಗುವ ಸಾಧನ ಇರಲೇಬೇಕೆಂದು ಮಾಡಿರುವುದು ಇದೇ ಕಾರಣಕ್ಕೆ. ನಮ್ಮ ಮುಚ್ಚಿದ ಬಚ್ಚಲಲ್ಲಿ ಆ ಮಟ್ಟ ನಾಲ್ಕೈದು ನಿಮಿಷದಲ್ಲೇ ಬರಬಹುದು.

ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುವುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಮೊದಲು ಮಿಂದು ಬಂದವರಿಗೆ ಸ್ವಲ್ಪ ತಲೆಭಾರ, ಅಷ್ಟೆ. ಅವರು ಬಿಟ್ಟು ಬಂದ ಕೆಟ್ಟ ಗಾಳಿಯಲ್ಲೇ ಎರಡನೆಯವರು ಬಾಗಿಲು ಹಾಕಿಕೊಂಡು ಗೀಸರ್ ಹಚ್ಚುತ್ತಾರೆ. ಅನೇಕ ಗೀಸರುಗಳಲ್ಲಿ 20 ನಿಮಿಷಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ, ಅಂಗಡಿಯವರು ಅದನ್ನೇ ದೊಡ್ಡ ಸುರಕ್ಷತೆಯೆಂದು ತೋರಿಸುತ್ತಾರೆ. ನಲ್ಲಿ ತಿರುಗಿಸಿ ಮತ್ತೆ ಬಿಟ್ಟರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಕೋಣೆಯ ಗಾಳಿ ಹಾಗೆ ಹೊಸದಾಗುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, "ವೆಂಟಿಲೇಟರ್ ಇದೆಯಲ್ಲ". ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗಲೆಲ್ಲ ನಾನು ಬಚ್ಚಲ ವೆಂಟಿಲೇಟರನ್ನು ತಲೆಯೆತ್ತಿ ನೋಡುತ್ತೇನೆ. ಸೊಳ್ಳೆಗೆಂದು ಜಾಲರಿ, ಅದರ ಮೇಲೆ ಧೂಳು, ಚಳಿಗೆಂದು ಸಿಕ್ಕಿಸಿದ ರಟ್ಟು ಅಥವಾ ಥರ್ಮೋಕೋಲು, ಪಕ್ಕದ ಕಟ್ಟಡ ಅಡ್ಡ ಬಂದದ್ದಕ್ಕೆ ಕಾಯಂ ಮುಚ್ಚಿದ ಗಾಜು. ಡಕ್ಟಿನ ಕಡೆಗೆ ತೆರೆಯುವ ವೆಂಟಿಲೇಟರುಗಳ ಕಥೆ ಇನ್ನೂ ಕಷ್ಟದ್ದು. ಒಂದು ಮನೆಯ ಹೊಗೆ ಅಲ್ಲಿಂದ ಮೇಲಿನ ಮನೆಯ ಬಚ್ಚಲಿಗೆ ಹೋಗಬಹುದು. ಒಂದು ವೇಳೆ ತೆರೆದಿದ್ದರೂ ಮೇಲುಗಡೆ ಒಂದೇ ಕಿಂಡಿ ಇದ್ದರೆ ಗಾಳಿ ಸರಿಯಾಗಿ ಆಡುವುದಿಲ್ಲ. ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗಬೇಕಾದರೆ ತಣ್ಣನೆಯ ಗಾಳಿ ಕೆಳಗಿನಿಂದ ಒಳಗೆ ಬರಬೇಕು. ಅಮೆರಿಕದ ಅನಿಲ ಸಂಹಿತೆ ಇಕ್ಕಟ್ಟಾದ ಕೋಣೆಯಲ್ಲಿ ಗ್ಯಾಸ್ ಉಪಕರಣ ಇಡಬೇಕಾದರೆ ಛಾವಣಿಯ ಒಂದು ಅಡಿಯೊಳಗೆ ಒಂದು, ನೆಲದಿಂದ ಒಂದು ಅಡಿಯೊಳಗೆ ಇನ್ನೊಂದು ಕಿಂಡಿ ಬೇಕೆನ್ನುತ್ತದೆ. ಅವುಗಳ ಅಳತೆಯನ್ನು ಉರಿಯ ಪ್ರಮಾಣಕ್ಕೆ ತಕ್ಕಂತೆ ಲೆಕ್ಕಹಾಕಿ ಹೇಳುತ್ತದೆ. ನಮ್ಮಲ್ಲಿ ಬಾಗಿಲ ಕೆಳಗಿನ ಸಂದಿಗೆ ನೀರು ಹೊರಗೆ ಬರಬಾರದೆಂದು ಹೊಸ್ತಿಲು ಕಟ್ಟಿರುತ್ತಾರೆ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ ಎನ್ನುವವರೂ ಇದ್ದಾರೆ. ಒಳಕ್ಕೆ ಬರುವ ದಾರಿ ಇಲ್ಲದ ಕೋಣೆಯಲ್ಲಿ ಫ್ಯಾನು ಎಷ್ಟು ತಿರುಗಿದರೂ ಹೊರಹಾಕುವುದು ಅಲ್ಪವೇ. ಗೀಸರಿಗೆ ಹೊಗೆಕೊಳವೆ ಇದ್ದರಂತೂ ಆ ಫ್ಯಾನೇ ಕೊಳವೆಯ ಹೊಗೆಯನ್ನು ಹಿಂದಕ್ಕೆ, ಕೋಣೆಯೊಳಕ್ಕೆ ಎಳೆದುಕೊಳ್ಳಬಹುದು. ಕೊಳವೆ, ಕಿಂಡಿ, ಫ್ಯಾನು ಮೂರನ್ನೂ ಒಂದೇ ವ್ಯವಸ್ಥೆಯಾಗಿ ನೋಡಬಲ್ಲವರು ಅಳವಡಿಸಬೇಕು. ನಮ್ಮಲ್ಲಿ ಈ ಕೆಲಸ ಬರುವುದು ಪ್ಲಂಬರ್ ಪಾಲಿಗೆ. ನೀರಿನ ಎರಡು ಪೈಪು, ಗ್ಯಾಸಿನ ಒಂದು ಟ್ಯೂಬು, ಗೋಡೆಗೆ ಎರಡು ಮೊಳೆ, ಒಳಗೆ ಎರಡು ಸೆಲ್ಲು. ಅವನಿಗೆ ಕಲಿಸಿದ್ದು ನೀರಿನ ವಿದ್ಯೆ, ಬೆಂಕಿಯ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಅವನನ್ನು ದೂರುವುದು ನ್ಯಾಯವಲ್ಲ.

ಹಿಂದಿನವರು ಇದಕ್ಕಿಂತ ದೊಡ್ಡ ಬೆಂಕಿಯನ್ನೇ ಬಚ್ಚಲಲ್ಲಿ ಇಟ್ಟುಕೊಂಡಿದ್ದರು. ಹಂಡೆಯ ಕೆಳಗೆ ಕುಂಟೆ, ತೆಂಗಿನ ಗರಿ, ಅಡಿಕೆ ಹಾಳೆ ಉರಿಯುತ್ತಿತ್ತು. ಆದರೆ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲೊಲೆಯ ಬಾಯಿ ಗೋಡೆಯ ಆಚೆಗಿತ್ತು, ಸೌದೆ ಒಟ್ಟುವವರು ಹೊರಗೆ ಕೂರುತ್ತಿದ್ದರು. ಒಲೆ ಒಳಗೇ ಇದ್ದ ಕಡೆ ಮಾಡು ಹೆಂಚಿನದು, ಹೆಂಚಿನ ಸಂದುಗಳಲ್ಲಿ ಹೊಗೆ ಸೋಸಿ ಹೋಗುತ್ತಿತ್ತು. ಜೊತೆಗೆ ಸೌದೆಯ ಹೊಗೆ ಕಣ್ಣು ಚುಚ್ಚುತ್ತಿತ್ತು, ಹೆಚ್ಚಾದರೆ ಮನುಷ್ಯ ತಾನಾಗಿ ಎದ್ದು ಹೊರಗೆ ಬರುತ್ತಿದ್ದ. ಆ ಹೊಗೆ ಆರೋಗ್ಯಕ್ಕೆ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ಮನೆಗೆ ಆರ್‌ಸಿಸಿ ಬಂತು, ಬಚ್ಚಲು ಚಿಕ್ಕದಾಯಿತು, ಗೋಡೆಗೆ ಟೈಲ್ಸ್ ಹತ್ತಿತು, ಕಿಟಕಿಗೆ ಗಾಳಿ ನುಸುಳದ ಚೌಕಟ್ಟು ಬಂತು. ಉರಿ ಮಾತ್ರ ಒಳಗೇ ಉಳಿಯಿತು, ಅದೂ ಕಾಣದ ಹೊಗೆಯ ಉರಿ.

ಬೇರೆ ದೇಶಗಳು ಈ ಪಾಠವನ್ನು ಸಾವುಗಳಿಂದಲೇ ಕಲಿತವು. ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಾವಳಿಯ 30ನೇ ನಿಯಮ ನೇರವಾಗಿದೆ: ಬಚ್ಚಲಲ್ಲಿ ಗ್ಯಾಸ್ ಉಪಕರಣ ಅಳವಡಿಸಬೇಕಾದರೆ ಅದು ಕೋಣೆಯ ಗಾಳಿಯಿಂದ ಪೂರ್ತಿ ಬೇರ್ಪಟ್ಟ ಬಗೆಯದೇ ಆಗಿರಬೇಕು. ಅಂಥ ಹೀಟರಿನ ಉರಿ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ. ಗೋಡೆ ತೂರಿ ಹೋಗುವ ಕೊಳವೆಯಲ್ಲಿ ಹೊರಗಿನ ಗಾಳಿ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಸ್ನಾನ ಮಾಡುವವರ ಉಸಿರಿಗೂ ಬೆಂಕಿಯ ಉಸಿರಿಗೂ ಸಂಬಂಧವೇ ಇರುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಗ್ಯಾಸ್ ಉಪಕರಣಗಳನ್ನು ಮಾಲೀಕ ವರ್ಷಕ್ಕೊಮ್ಮೆ ನೋಂದಾಯಿತ ತಜ್ಞನಿಂದ ತಪಾಸಣೆ ಮಾಡಿಸಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ.

ಅಮೆರಿಕ, ಕೆನಡಾಗಳಲ್ಲಿರುವ ಕನ್ನಡಿಗರ ಮನೆಗಳಿಗೆ ಹೋಗಿಬಂದವರು ನೆಲಮಾಳಿಗೆಯ ಫರ್ನೇಸನ್ನು ನೋಡಿರುತ್ತಾರೆ. ಇಡೀ ಮನೆಗೆ ಬಿಸಿ ಗಾಳಿ ಕೊಡುವ ಯಂತ್ರ ಅದು, ಗೀಸರಿಗಿಂತ ಎಷ್ಟೋ ಹೆಚ್ಚು ಅನಿಲ ಉರಿಸುತ್ತದೆ. ಉರಿ ಲೋಹದ ಪೆಟ್ಟಿಗೆಯೊಳಗೆ ಇರುತ್ತದೆ, ಮನೆಯ ಗಾಳಿ ಆ ಪೆಟ್ಟಿಗೆಯ ಹೊರಮೈ ಸವರಿ ಬಿಸಿಯಾಗುತ್ತದೆ, ಎರಡೂ ಎಲ್ಲಿಯೂ ಬೆರೆಯಬಾರದು. ಹೊಸ ಮಾದರಿಗಳಿಂದ ಎರಡು ಬಿಳಿ ಪಿವಿಸಿ ಪೈಪುಗಳು ಗೋಡೆಯಾಚೆ ಹೋಗಿರುತ್ತವೆ, ಒಂದು ಗಾಳಿಗೆ, ಒಂದು ಹೊಗೆಗೆ. ಇಷ್ಟಾಗಿಯೂ ಅಲ್ಲಿ ನಿಶ್ಚಿಂತೆಯಿಲ್ಲ. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಮನೆಯಲ್ಲಿ ಹಿಮದ ರಾಶಿ ಹೊಗೆಕೊಳವೆಯ ಹೊರಬಾಯಿಯನ್ನು ಮುಚ್ಚಿತು, ಏಳು ವರ್ಷದ ಬಾಲಕಿ ಸತ್ತಳು. ಅದೇ ವರ್ಷ ಆ ರಾಜ್ಯ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡುವ ಕಾನೂನು ತಂದಿತು. ಒಂದು ಮಗುವಿನ ಸಾವು ಒಂದೇ ವರ್ಷದಲ್ಲಿ ಕಾನೂನಾದದ್ದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಗೌರವ ತರಿಸಿದ ಸಂಗತಿ. ಅಲ್ಲಿರುವ ನಮ್ಮವರು ಹಿಮ ಬಿದ್ದ ದಿನ ಕಾರಿನ ದಾರಿ ಬಿಡಿಸುವ ಮೊದಲು ಆ ಬಿಳಿ ಪೈಪುಗಳ ಬಾಯಿ ಬಿಡಿಸಬೇಕು.

ಜಪಾನಿನ ಪಾಠ ಬೇರೆ ತರಹದ್ದು, ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿನ ಪಾಲೋಮಾ ಕಂಪನಿಯ ಗ್ಯಾಸ್ ನೀರು-ಹೀಟರುಗಳಿಂದ 1985ರಿಂದ 2005ರವರೆಗೆ 21 ಮಂದಿ ಸತ್ತರೆಂದು 2006ರಲ್ಲಿ ಬಯಲಾಯಿತು. ಹೊಗೆ ಹೊರದೂಡುವ ಫ್ಯಾನ್ ನಿಂತರೆ ಉರಿಯೂ ಆರಬೇಕೆಂದು ಆ ಯಂತ್ರದಲ್ಲಿ ರಕ್ಷಣೆ ಇತ್ತು. ಪದೇಪದೇ ಆರಿಹೋಗುತ್ತದೆಂದು ಗ್ರಾಹಕರು ದೂರಿದಾಗ ರಿಪೇರಿಯವರು ಆ ರಕ್ಷಣೆಯ ವೈರನ್ನೇ ಬೈಪಾಸ್ ಮಾಡಿದ್ದರು. ಕಂಪನಿಯ ಮಾಜಿ ಅಧ್ಯಕ್ಷರನ್ನೇ 2010ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದಿತು. ಮೇಲೆ ಕೂತವರೂ ಉತ್ತರ ಹೇಳಬೇಕಾಗುತ್ತದೆ ಎಂದು ಆ ತೀರ್ಪು ತೋರಿಸಿತು. ನಮ್ಮಲ್ಲಿ ಸೆನ್ಸರ್ ಕೆಟ್ಟು ಗೀಸರ್ ಆರಿದರೆ, "ಡೈರೆಕ್ಟ್ ಮಾಡಿಬಿಡಿ" ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು ಓದುಗರೇ ನೆನಪಿಸಿಕೊಳ್ಳಲಿ.

ನಮ್ಮಲ್ಲೂ ಮಾನಕವಿದೆ. ಎಲ್‌ಪಿಜಿಯ ಮನೆಬಳಕೆ ಗೀಸರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15558 ಇದೆ. ಅದು ಪೆಟ್ಟಿಗೆಯಲ್ಲಿ ಬರುವ ಯಂತ್ರದ ಬಗ್ಗೆ ಮಾತಾಡುತ್ತದೆ, ಪೆಟ್ಟಿಗೆ ಒಡೆದ ಮೇಲೆ ಅದು ಯಾವ ಗೋಡೆಗೆ ಏರಿತು ಎಂದು ಮನೆಗೆ ಬಂದು ನೋಡುವವರು ಯಾರೂ ಇಲ್ಲ. ಸಿಲಿಂಡರ್ ಕೊಡುವವರ ತಪಾಸಣೆ ಬಹುಪಾಲು ಅಡುಗೆಮನೆಯಲ್ಲೇ ಮುಗಿಯುತ್ತದೆ. ಕಟ್ಟಡದ ನಕ್ಷೆಗೆ ಅನುಮತಿ ಕೊಡುವವರಿಗೆ ಗೀಸರ್ ಕಾಣುವುದಿಲ್ಲ. ಮಾಲೀಕ ಹಾಕಿಸಿದ್ದನ್ನು ಬಾಡಿಗೆಯವರು ಪ್ರಶ್ನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ರೂಢಿಯ ದೊಡ್ಡ ದೋಷವೇ ಇದು. ಪ್ರತಿ ಸಾವಿನ ಹೊಣೆ ಸತ್ತವರ ಅಜಾಗರೂಕತೆಗೆ ಹೋಗಿ ಸೇರುತ್ತದೆ.

ವೈದ್ಯರ ಕಡೆಯಿಂದಲೂ ಒಂದು ತೊಡಕಿದೆ, ಅದು ಕರ್ನಾಟಕಕ್ಕೇ ವಿಶೇಷವಾದದ್ದು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ನಮ್ಮ ದಕ್ಷಿಣ ಜಿಲ್ಲೆಗಳಲ್ಲಿ ಹೆಚ್ಚೆಂದು ಬೆಂಗಳೂರಿನ ನರರೋಗ ತಜ್ಞರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದು ಕೈಕಾಲು ಸೆಟೆದವರನ್ನು ನೋಡಿದರೆ ಫಿಟ್ಸ್ ಎಂದುಕೊಳ್ಳುವುದು ಸುಲಭ. ಗೀಸರಿನ ಮಾನಾಕ್ಸೈಡಿನಿಂದಲೂ ಹಾಗೆಯೇ ಆಗಬಹುದು. ಫಿಟ್ಸ್ ಮಾತ್ರೆ ಬರೆದು ಮನೆಗೆ ಕಳಿಸಿದರೆ ರೋಗಿ ಮರಳುವುದು ಅದೇ ಬಚ್ಚಲಿಗೆ.

ನನ್ನ ತೀರ್ಮಾನ ಸ್ಪಷ್ಟವಾಗಿದೆ. ಹೊಗೆಯನ್ನು ಕೋಣೆಗೇ ಬಿಡುವ ಗ್ಯಾಸ್ ಗೀಸರಿಗೆ ಬಚ್ಚಲೊಳಗೆ ಜಾಗವಿಲ್ಲ, ದೊಡ್ಡ ಕಿಟಕಿ ಇದ್ದರೂ ಇಲ್ಲ. ಕಿಟಕಿ ತೆರೆದಿಡುವುದು ಪ್ರತಿದಿನ ಪ್ರತಿಯೊಬ್ಬರೂ ನೆನಪಿಡಬೇಕಾದ ಕೆಲಸ, ಡಿಸೆಂಬರಿನ ಬೆಳಗಿನ ಜಾವ ಯಾರೂ ಅದನ್ನು ಮಾಡುವುದಿಲ್ಲ. ಗೀಸರನ್ನು ಯುಟಿಲಿಟಿಯ ಅಥವಾ ಹಿತ್ತಲಿನ ಬಯಲು ಗೋಡೆಗೆ, ಕಿಟಕಿಗಳಿಂದ ದೂರ, ಮಳೆ ತಾಗದಂತೆ ಹಾಕಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದರೆ ಮುಗಿಯಿತು. ಹತ್ತಿಪ್ಪತ್ತು ಅಡಿ ಪೈಪು, ಒಂದು ದಿನದ ಕೂಲಿ. ಯುಟಿಲಿಟಿಗೂ ಗಾಜು ಮುಚ್ಚಿ ಕೋಣೆ ಮಾಡಿಕೊಂಡಿದ್ದರೆ ಅದು ಇನ್ನೊಂದು ಬಚ್ಚಲಾಯಿತು ಎಂದೇ ತಿಳಿಯಬೇಕು.

ಬಾಡಿಗೆ ಮನೆಯಾಗಿದ್ದು ಸ್ಥಳ ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೆ, ಅದು ಆಗುವವರೆಗೆ ಬಾಗಿಲು, ಕಿಟಕಿ ಪೂರ್ತಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸ್ನಾನ ಮಾಡಿ. ನೀಲಿಯಾಗಿರಬೇಕಾದ ಉರಿ ಹಳದಿಗೆ ತಿರುಗಿದ್ದರೆ, ಗೀಸರಿನ ತಲೆಯ ಮೇಲಿನ ಗೋಡೆ ಕಪ್ಪಾಗಿದ್ದರೆ ಅದನ್ನು ಮತ್ತೆ ಹಚ್ಚಬೇಡಿ. ಅಲಾರಂ ಕೊಳ್ಳುವಾಗ ಅದು ಕಾರ್ಬನ್ ಮಾನಾಕ್ಸೈಡಿನದು ಎಂದು ಓದಿ ನೋಡಿ, ಸೋರಿಕೆ ಪತ್ತೆಹಚ್ಚುವ ಎಲ್‌ಪಿಜಿ ಡಿಟೆಕ್ಟರ್ ಇಲ್ಲಿ ಕೆಲಸಕ್ಕೆ ಬಾರದು. ಯಾರಾದರೂ ಬಿದ್ದರೆ ಬಾಗಿಲು ತೆಗೆದು ಬಯಲಿಗೆ ಎತ್ತಿ ತನ್ನಿ, ಆಸ್ಪತ್ರೆಗೆ ಹೋದ ಕೂಡಲೇ "ಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂದು ಡಾಕ್ಟರಿಗೆ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ, ನೀವು ಹೇಳದಿದ್ದರೆ ಅವರಿಗೆ ಗೊತ್ತಾಗಲು ತಡವಾಗುತ್ತದೆ.