ಬ್ರೆಜಿಲ್‌ನಿಂದ ತರಬೇಕಾದ್ದು ಯಂತ್ರವಲ್ಲ

ಕುಯ್ಲು ಹತ್ತಿರ ಬಂತೆಂದರೆ ಮೂಡಿಗೆರೆ, ಕಳಸದ ಕಡೆ ಬೆಳೆಗಾರರು ಕೂಡಿದಲ್ಲೆಲ್ಲ ‘ಆಳು ಸಿಗೋದಿಲ್ಲ’ ಎಂಬ ಮಾತೇ. ಅದರ ಬೆನ್ನಿಗೆ ಬ್ರೆಜಿಲ್ ಬರುತ್ತದೆ: ಅಲ್ಲಿ ಯಂತ್ರವೇ ಕುಯ್ಯುತ್ತದಂತೆ!

ಕುಯ್ಯುವುದು ನಿಜ. ಮಿನಾಸ್ ಜೆರೈಸ್ ರಾಜ್ಯದ ಸೆರಾಡೊ ಬಯಲಲ್ಲಿ ಕಾಫಿ ಗಿಡಗಳು ಬಿಸಿಲಿಗೇ ಉದ್ದುದ್ದ ಸಾಲು ನಿಂತಿರುತ್ತವೆ. ಯಂತ್ರ ಆ ಸಾಲಿನ ಮೇಲೆಯೇ ಹಾದು, ಗಿಡ ಅಲುಗಿಸಿ ಹಣ್ಣು ಉದುರಿಸುತ್ತದೆ. ಕಳಸದ ಇಳಿಜಾರಿನಲ್ಲಿ, ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿದ ನಮ್ಮ ತೋಟಗಳಲ್ಲಿ ಅದು ನಾಲ್ಕು ಮಾರು ಹೋಗಲಾರದು. ಅರೇಬಿಕಾದ ಒಂದೇ ರೆಕ್ಕೆಯಲ್ಲಿ ಹಣ್ಣೂ ಇರುತ್ತದೆ, ಹಸಿರುಕಾಯಿಯೂ ಇರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಕೈ ಹಾಕಲೇಬೇಕು.

ಹಾಗಾಗಿ ನೋಡಬೇಕಾದ್ದು ಆ ಕೈಗಳನ್ನು ಎರಡು ದೇಶಗಳು ನಡೆಸಿಕೊಳ್ಳುವ ರೀತಿಯನ್ನು.

ಸಂಜೆ ಹಣ್ಣಿನ ಚೀಲ ತೂಗುವಾಗ ಹೆಂಗಸರು ತಕ್ಕಡಿಯಿಂದ ಕಣ್ಣು ಕೀಳುವುದಿಲ್ಲ. ರೈಟರ್ ಕಿಲೋ ಬರೆದುಕೊಳ್ಳುತ್ತಾನೆ, ಮೇಸ್ತ್ರಿ ಹೂಂಗುಡುತ್ತಾನೆ. ಬಟವಾಡೆ ದಿನ ತಕರಾರು ಬಂದರೆ ರೈಟರ್ ಪುಸ್ತಕದ್ದೇ ಕೊನೆಯ ಮಾತು. ‘ನಮ್ಮ ಆಳುಗಳು ಮನೆಯವರ ಹಾಗೇ’ ಎನ್ನುವ ಸಾಹುಕಾರರ ಮಾತು ಪೂರ್ತಿ ಸುಳ್ಳಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಓಡುವುದು ಅವರದೇ ಜೀಪು. ಆದರೆ ಕೆಲಸ ಬಿಟ್ಟ ದಿನ ಲೈನ್ ಮನೆಯೂ ಹೋಗುತ್ತದೆ, ಮುಂಗಡ ತೀರದೆ ಬಿಡುವ ಹಾಗೂ ಇಲ್ಲ. ಇಂಥ ಮನೆತನ ಯಾರಿಗೆ ಬೇಕು?

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ವಸತಿ, ಆಸ್ಪತ್ರೆ, ಶಿಶುವಿಹಾರ ಎಲ್ಲವನ್ನೂ ಬರೆದಿಟ್ಟಿತು. ಆದರೆ ಅದರ ಲೆಕ್ಕಕ್ಕೆ ಬಂದದ್ದು 5 ಹೆಕ್ಟೇರ್‌ ಮತ್ತು 15 ಕಾರ್ಮಿಕರಿಗೆ ಕಡಿಮೆಯಿಲ್ಲದ ತೋಟಗಳು. ನಮ್ಮಲ್ಲಿ ಬಹುಪಾಲು ಹಿಡುವಳಿಗಳು ಚಿಕ್ಕವು. ಕುಯ್ಲಿಗೆಂದು ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಬರುವವರಿಗೆ ಮೇಸ್ತ್ರಿಯ ಬಾಯಿಮಾತೇ ಕರಾರು.

ಬ್ರೆಜಿಲ್ ಸಾಚಾ ಎಂದೇನಲ್ಲ. ಗುಲಾಮರ ಬೆವರಲ್ಲೇ ಅಲ್ಲಿನ ಕಾಫಿ ಬೆಳೆದದ್ದು. ಗುಲಾಮಗಿರಿ ರದ್ದಾದದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಕಟ್ಟಕಡೆಗೆ. ಈಗಲೂ ಜೀತಕ್ಕೆ ಸಮನಾದ ಸ್ಥಿತಿಯಿಂದ ಕಾಫಿ ಕೂಲಿಗಳನ್ನು ಬಿಡಿಸಿದ ಸುದ್ದಿ ಮಿನಾಸ್‌ನಿಂದ ಬರುತ್ತಲೇ ಇರುತ್ತದೆ. ವ್ಯತ್ಯಾಸವಿಷ್ಟೆ: ಹಾಗೆ ದುಡಿಸಿದ್ದು ಸಾಬೀತಾದ ಮಾಲೀಕರ ಹೆಸರನ್ನು ಅಲ್ಲಿನ ಸರ್ಕಾರ ಪಟ್ಟಿಮಾಡಿ ಪ್ರಕಟಿಸುತ್ತದೆ. ಸುಗ್ಗಿಗಷ್ಟೇ ಬರುವ ಕೂಲಿಗೂ 1973ರ ಕಾನೂನಿನಡಿ ಕರಾರಿದೆ, ದುಡಿದಷ್ಟು ತಿಂಗಳಿಗೆ ಹದಿಮೂರನೇ ಸಂಬಳದ ಪಾಲಿದೆ. ಕಾನೂನು ಮುರಿಯುವವರು ಅಲ್ಲೂ ಇದ್ದಾರೆ, ಆದರೆ ಕೂಲಿಯವನಿಗೆ ಹಿಡಿದು ಕೇಳಲು ಒಂದು ಕಾಗದವಾದರೂ ಇದೆ.

ಯಂತ್ರ ನೋಡಲು ಬ್ರೆಜಿಲ್‌ಗೆ ಹೋಗುವ ನಮ್ಮ ಬೆಳೆಗಾರರು ಈ ಕಾಗದವನ್ನೂ ನೋಡಿ ಬರಲಿ. ಕಿಲೋಗೆ ಎಷ್ಟು, ಮುಂಗಡ ಎಷ್ಟು, ಇಂದು ತೂಗಿದ್ದೆಷ್ಟು ಎಂಬ ಚೀಟಿ ಮುಂದಿನ ಕುಯ್ಲಿನಿಂದಲೇ ಕುಯ್ಯುವವರ ಕೈಗೂ ಸಿಗಲಿ.