ಕೀನ್ವಾದ ನೊರೆ, ಚಳ್ಳಕೆರೆಯ ಒಗರು

ಕೀನ್ವಾ ಬೇಯಿಸುವ ಮೊದಲು ಚೆನ್ನಾಗಿ ತೊಳೆಯಬೇಕು ಎಂಬ ಮಾತು ಪ್ಯಾಕೆಟ್ಟಿನ ಬೆನ್ನಿಗೆ ಸಣ್ಣಕ್ಷರದಲ್ಲಿರುತ್ತದೆ. ಓದದೆ ಬೇಯಿಸಿದವರು ಮೊದಲ ತುತ್ತಿಗೇ ಮುಖ ಕಿವುಚುತ್ತಾರೆ. ಕಾಳನ್ನು ನೀರಿನಲ್ಲಿ ಹಾಕಿ ಅಂಗೈಯಲ್ಲಿ ಉಜ್ಜಿದರೆ ಬಿಳಿ ನೊರೆ ಏಳುತ್ತದೆ. ನೀರು ಬದಲಾಯಿಸುತ್ತಾ ಹೋಗಿ, ನೊರೆ ನಿಂತ ಮೇಲಷ್ಟೇ ಒಲೆಗಿಡಬೇಕು. ಅದು ಸಪೋನಿನ್. ಅಂಟುವಾಳ, ಸೀಗೆಕಾಯಿ ನೊರೆ ಬಿಡುವುದೂ ಇದೇ ಕುಲದ ವಸ್ತುಗಳಿಂದ. ಆಂಡಿಸ್ ಬೆಟ್ಟದ ರೈತರಿಗೆ ಈ ಕಹಿಯಿಂದ ಲಾಭವೇ ಇತ್ತು. ಕಹಿ ತಳಿಗೆ ಹಕ್ಕಿಗಳ ಕಾಟ ಕಡಿಮೆ. ನಮ್ಮ ಸಜ್ಜೆ ಹೊಲದಲ್ಲಿ ಕವಣೆ ಹಿಡಿದು ಅಟ್ಟಣಿಗೆ ಮೇಲೆ ಕೂತು ಗಂಟಲು ಹರಿದುಕೊಂಡವರಿಗೆ ಆ ಭಾಗ್ಯವಿರಲಿಲ್ಲ.

ವಿಶ್ವಸಂಸ್ಥೆ 2013ನ್ನು ಕೀನ್ವಾ ವರ್ಷವೆಂದು ಸಾರಿದ ಮೇಲೆ ಈ ಕಾಳು ನಮ್ಮ ಪೇಟೆಗಳಲ್ಲೂ ಗತ್ತಿನಿಂದ ಕೂತಿತು. ಅದರಲ್ಲಿ ಕ್ವೆರ್ಸೆಟಿನ್, ಕೆಂಫೆರಾಲ್ ಎಂಬ ಫ್ಲೇವನಾಯ್ಡುಗಳಿರುವುದು ನಿಜ. ಕೆಂಪು ಕೀನ್ವಾದ ಬಣ್ಣ ಬೆಟಲೇನ್‌ಗಳದು. ಕೆಂಪು ದಂಟಿನ ಸಾರು, ಬೀಟ್‌ರೂಟ್ ಪಲ್ಯ ಕೆಂಪಾಗುವುದೂ ಅವುಗಳಿಂದಲೇ. ಇದು ಆಕಸ್ಮಿಕವಲ್ಲ. ದಂಟು, ಚಕ್ಕೋತ ಸೊಪ್ಪು, ಕೀನ್ವಾ ಮೂರೂ ಒಂದೇ ಸಸ್ಯಕುಟುಂಬದವು. ಅದರಲ್ಲೂ ಚಕ್ಕೋತ ಕೀನ್ವಾಕ್ಕೆ ಖಾಸಾ ದಾಯಾದಿ. ಹೀಗಿದ್ದೂ ಸೊಪ್ಪಿನವಳ ಹತ್ತಿರ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು ಕೀನ್ವಾ ಪೊಟ್ಟಣಕ್ಕೆ ಕೇಳಿದಷ್ಟು ಕೊಟ್ಟು ಬರುತ್ತಾರೆ.

ಕಹಿ, ಒಗರು, ಬಣ್ಣ ಇವೆಲ್ಲ ಗಿಡ ತನ್ನ ರಕ್ಷಣೆಗೆ ಮಾಡಿಕೊಂಡವು. ನಮ್ಮ ಆರೋಗ್ಯದ ಯೋಚನೆ ಅದಕ್ಕಿಲ್ಲ. ಈ ಮಾತು ಅರ್ಥವಾಗಬೇಕಾದರೆ ಪೆರುವಿಗೆ ಹೋಗಬೇಕಿಲ್ಲ, ಚಳ್ಳಕೆರೆ, ಮೊಳಕಾಲ್ಮುರಿನ ಶೇಂಗಾ ಹೊಲ ಸಾಕು.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಮುಂಗಾರು ನಂಬಿ ಶೇಂಗಾ ಬಿತ್ತುತ್ತಾರೆ. ಊಡು ಇಳಿದು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುವುದು ಇಲ್ಲಿಯವರಿಗೆ ಹೊಸದಲ್ಲ. ಮಣ್ಣಿನಲ್ಲಿ ಬೂಸ್ಟು ತಾಗಿದಾಗ ಶೇಂಗಾ ಕಾಳು ಸುಮ್ಮನಿರುವುದಿಲ್ಲ. ರೆಸ್ವೆರಟ್ರಾಲ್ ಮತ್ತು ಅದರ ಬಂಧುಗಳನ್ನು ತಯಾರಿಸಿ ಬೂಸ್ಟನ್ನು ತಡೆಯುತ್ತದೆ. ಕೆಂಪು ದ್ರಾಕ್ಷಾರಸದಲ್ಲಿದೆ ಎಂದು ಪಾಶ್ಚಾತ್ಯರು ಕೊಂಡಾಡಿದ್ದೂ ಇದೇ ರೆಸ್ವೆರಟ್ರಾಲನ್ನು. ಆದರೆ ಈ ಕೆಲಸಕ್ಕೆ ಕಾಳಿನಲ್ಲಿ ತೇವ ಬೇಕು. ಕೊನೆಯ ಕೆಲವು ವಾರ ಮಳೆಯಿಲ್ಲದೆ ನೆಲ ಕಾದು ಕಾಳು ಒಣಗಿದರೆ ಆ ತಯಾರಿಕೆ ನಿಂತುಹೋಗುತ್ತದೆ. ಆಗ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಒಳಹೊಕ್ಕು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿಗೆ ಮಾರಕವಾದ ಈ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬರಗಾಲದ ಶೇಂಗಾ ಕೊಳ್ಳುವಾಗ ಮುರುಟಿದ, ಬಣ್ಣಗೆಟ್ಟ, ಹಸಿರು ಬೂಸ್ಟಿನ ಕಾಳನ್ನು ಮುಲಾಜಿಲ್ಲದೆ ಆರಿಸಿ ಎಸೆಯಬೇಕು. ‘ಹುರಿದರೆ ಎಲ್ಲ ಸರಿಹೋಗುತ್ತೆ’ ಎಂಬ ಅಂಗಡಿ ಮಾತಿಗೆ ತಲೆದೂಗಬೇಡಿ.

ಇನ್ನು ಶೇಂಗಾದ ಕೆಂಪು ಸಿಪ್ಪೆ. ನಾಲಿಗೆಗೆ ಒಗರು ಕೊಡುವ ಪ್ರೊಸಯಾನಿಡಿನ್‌ಗಳ ಮುಖ್ಯ ನೆಲೆ ಅದು. ಚಟ್ನಿಪುಡಿಗೆ ಹುರಿದ ಕಾಳನ್ನು ಮೊರದಲ್ಲಿ ಉಜ್ಜಿ ಕೇರಿ, ಸಿಪ್ಪೆ ಹಾರಿಸಿ, ಬಿಳಿ ಬೇಳೆ ಮಾಡಿದರೇ ಅಂದ ಎಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ರುಚಿಗೆಟ್ಟ ಕೆಲಸ. ಸಿಪ್ಪೆ ಸಮೇತ ಕುಟ್ಟಿದ ಶೇಂಗಾಪುಡಿಗೆ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಬಿದ್ದಾಗ ಎಣ್ಣೆಯ ಜಿಡ್ಡನ್ನು ಹಿಡಿದು ನಿಲ್ಲಿಸುವುದೇ ಆ ಒಗರು. ಹಸಿ ಕಾಯನ್ನು ಸಿಪ್ಪೆಯೊಡನೆ ಉಪ್ಪುನೀರಲ್ಲಿ ಬೇಯಿಸುವ ಪದ್ಧತಿ ಇನ್ನೂ ಮೇಲು. ಹೊರಸಿಪ್ಪೆ, ಒಳಸಿಪ್ಪೆಯ ಫಿನಾಲಿಕ್ ವಸ್ತುಗಳು ಬೇಯುವ ನೀರಿನ ಮೂಲಕ ಕಾಳಿಗೆ ಇಳಿಯುತ್ತವೆ. ಎಣ್ಣೆಗೆ ಮಾತ್ರ ಇವು ಅಷ್ಟಾಗಿ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತವೆ. ಗಿರಣಿಗಳಿಂದಲೇ ಹೆಸರಾದ ಎಣ್ಣೆನಗರಿ ಚಳ್ಳಕೆರೆಯಲ್ಲಿ ಒಗರಿನ ದೊಡ್ಡ ಪಾಲು ತಿಂದದ್ದು ಎತ್ತು, ಎಮ್ಮೆಗಳು.

ಸಜ್ಜೆಯದು ಬೇರೆಯೇ ಕಥೆ. ಸಜ್ಜೆ ಹಿಟ್ಟಿನ ಬೂದು ಬಣ್ಣ ನೋಡಿ ಹಿಂದೆ ಸರಿಯುವವರು ಒಂದು ಸಣ್ಣ ಪ್ರಯೋಗ ಮಾಡಬಹುದು. ಕಲಸಿದ ಹಿಟ್ಟಿನಿಂದ ಮೂರು ಗೋಲಿ ಮಾಡಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಹುಣಸೆ ನೀರು ಹಾಕಿ ನಾದಿದರೆ ಅದು ಬಿಳುಪಿಗೆ ತಿರುಗುತ್ತದೆ. ಮೂರನೆಯದಕ್ಕೆ ಚಿಟಿಕೆ ಅಡುಗೆಸೋಡ ಹಾಕಿದರೆ ಹಳದಿ ಮಿಶ್ರಿತ ಹಸಿರು ಬಣ್ಣ ಏರುತ್ತದೆ. ಸಜ್ಜೆಯ ಫ್ಲೇವೋನ್‌ಗಳು ಹುಳಿಗೂ ಕ್ಷಾರಕ್ಕೂ ಹೀಗೆ ಬಣ್ಣ ಬದಲಿಸುತ್ತವೆ. ಅಂದರೆ ಪ್ಯಾಕೆಟ್ಟಿನ ಮೇಲೆ ಬರೆದಿರುವ ದೊಡ್ಡ ಹೆಸರಿನ ವಸ್ತುಗಳನ್ನು ಸಜ್ಜೆಯಲ್ಲಿ ಬರಿಗಣ್ಣಿಂದಲೇ ನೋಡಬಹುದು.

ಅವುಗಳಿಗೆ ಇನ್ನೊಂದು ಮುಖವೂ ಇದೆ. ಸೂಡಾನಿನ ಡಾರ್ಫರ್ ಪ್ರಾಂತದಲ್ಲಿ ಸಜ್ಜೆಯನ್ನೇ ನೆಚ್ಚಿದ ಹಳ್ಳಿಗಳಲ್ಲಿ ಗಳಗಂಡ ವಿಪರೀತವಾಗಿದ್ದಾಗ, ಅಯೋಡಿನ್ ಕೊರತೆಯ ಜೊತೆಗೆ ಈ ಫ್ಲೇವೋನ್‌ಗಳ ಕೈವಾಡವನ್ನೂ ಸಂಶೋಧಕರು ಶಂಕಿಸಿದರು. ಅಯೋಡಿನ್ ಉಪ್ಪು ತಿನ್ನುತ್ತ ನಡುನಡುವೆ ರೊಟ್ಟಿ ತಟ್ಟುವವರು ಇದಕ್ಕೆ ನಿದ್ದೆಗೆಡಬೇಕಿಲ್ಲ. ಮೂರು ಹೊತ್ತೂ ಒಂದೇ ಕಾಳು ಎಂಬ ಹಟದವರು ಮಾತ್ರ ಕೇಳಿಸಿಕೊಳ್ಳಲಿ. ಸಜ್ಜೆ ಹಿಟ್ಟು ಬೇಗ ಮುಗ್ಗುವುದೂ ಗೊತ್ತಿರಲಿ. ಬೀಸಿದೊಡನೆ ಅದರ ಕೊಬ್ಬನ್ನು ಕಿಣ್ವಗಳು ಒಡೆಯತೊಡಗುತ್ತವೆ. ಇಂದು ಬೀಸಿದ್ದನ್ನು ನಾಳೆ, ನಾಡಿದ್ದರೊಳಗೆ ತಟ್ಟಬೇಕು. ತಿಂಗಳು ಹಳೆಯ ಹಿಟ್ಟಿನ ರೊಟ್ಟಿ ತಿಂದು ಸಜ್ಜೆಯೇ ಕಹಿ ಎನ್ನುವವರ ಮೇಲೆ ನನಗೆ ಸಿಟ್ಟಿದೆ.

ನವಣೆಯ ಬಗ್ಗೆ ಎರಡೇ ಮಾತು. ಅದರ ಹಳದಿ ಲ್ಯೂಟೀನ್, ಝಿಯಾಝಾಂಥಿನ್ ಎಂಬ ವರ್ಣಗಳದು. ಬೆಳ್ಳಗೆ ಮಿರುಗುವ ನವಣಕ್ಕಿ ಕಂಡರೆ ಅದರ ತೌಡು ಎಲ್ಲಿಗೆ ಹೋಯಿತು ಎಂದು ಕೇಳಿ. ಹುರುಳಿ ಇವೆಲ್ಲಕ್ಕಿಂತ ಹಿರಿಯನಂತೆ ಕೂತಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದದ್ದೂ ಪ್ರಸಿದ್ಧ. ಅಲ್ಲಿಂದ ಬಹಳ ದೂರವಿಲ್ಲದ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕರಿಕಾದ ಹುರುಳಿ, ಕೊರಲೆ ಕಾಳುಗಳು ಸಿಕ್ಕಿವೆ. ಅಶೋಕನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಊಟ ಅದು. ಹುರುಳಿಯ ಸಿಪ್ಪೆಯ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿ, ಮೇಲೊಂದಿಷ್ಟು ನಿಂಬೆ ಹಿಂಡಿದರೆ ಆ ಹಿಡಿತ ಸಡಿಲುತ್ತದೆ. ಹುರುಳಿ ಕಟ್ಟಿನ ಸಾರಿಗೆ ಹುಳಿ ಬೇಕೆಂದು ನಮ್ಮವರು ಹಟ ಹಿಡಿಯುವುದು ನಾಲಿಗೆಗಾಗಿಯಾದರೂ ಅದು ರಕ್ತಕ್ಕೂ ಒಳ್ಳೆಯದೇ.

ಇಷ್ಟು ಹೇಳಿದ ಮೇಲೆ ‘ಆಂಟಿಆಕ್ಸಿಡೆಂಟ್ ಸಮೃದ್ಧ’ ಎಂಬ ಚೀಟಿಯ ಬಗ್ಗೆಯೂ ಹೇಳಬೇಕು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. 2012ರಲ್ಲಿ ಅದನ್ನು ತಾನೇ ತೆಗೆದುಹಾಕಿತು. ಪ್ರನಾಳದಲ್ಲಿ ಅಳೆದ ಆ ಅಂಕಕ್ಕೂ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ಕಾಣಲಿಲ್ಲ, ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸಿಕೊಂಡವು ಎಂಬುದೇ ಕಾರಣ. ಕೀನ್ವಾಕ್ಕೆ ಅನ್ವಯಿಸುವ ಈ ಎಚ್ಚರಿಕೆ ನಮ್ಮ ಶೇಂಗಾ, ಸಜ್ಜೆಗೂ ಅನ್ವಯಿಸುತ್ತದೆ. ಕ್ಯಾನ್ಸರ್ ವಾಸಿಯಾಗುತ್ತದೆ, ಸಕ್ಕರೆ ಕಾಯಿಲೆ ಮಾಯವಾಗುತ್ತದೆ ಎಂದು ಸಿರಿಧಾನ್ಯದ ಹೆಸರಲ್ಲಿ ಹೇಳುವವರನ್ನು ದೂರವಿಡಿ.

ಕೀನ್ವಾ ತಿನ್ನಬೇಡಿ ಎಂದೇನೂ ಇಲ್ಲ, ತೊಳೆದು ತಿನ್ನಿ. ಆದರೆ ಚಳ್ಳಕೆರೆ ಕಡೆ ಹೋದಾಗ ಒಂದೆರಡು ಸೇರು ಸಜ್ಜೆ, ಹೊಸ ಶೇಂಗಾ ತಂದು, ಸಿಪ್ಪೆ ಕೇರದೆ ಒಮ್ಮೆ ಅಡುಗೆ ಮಾಡಿ ನೋಡಿ. ಮೊದಲ ತುತ್ತಿಗೆ ಒಗರು ಎನಿಸಿದರೆ ಮೇಲೆ ಒಂದು ಚಮಚ ಬೆಣ್ಣೆ ಹಾಕಿಕೊಳ್ಳಿ.